ಎಡಗಡೆಯ ಸ್ಪೀಕರ್

ಹಳದೀಪುರದ ಆ ಮನೆಯಲ್ಲಿ ನಾಗಪತಿಗೆ ಅರ್ಧ ದಿನದ ಕೆಲಸವೂ ಇರಲಿಲ್ಲ. ಸ್ಪೀಕರುಗಳಿಗೆ ಸದ್ದು ಹಂಚುವ ರಿಸೀವರ್ ಮೊದಲೇ ಬಂದು ಟಿ.ವಿ. ಕೆಳಗೆ ಕೂತಿತ್ತು, ಮುಂದಿನ ಸ್ಪೀಕರುಗಳು ಟಿ.ವಿ. ಪಕ್ಕದಲ್ಲಿದ್ದವು. ಇವನು ಕುಮಟೆಯಿಂದ ಬಂದು ಉಳಿದ ಸ್ಪೀಕರುಗಳಿಗೆ ವಾಯರ್ ಎಳೆದುಕೊಟ್ಟರೆ ಮುಗಿಯಿತು; ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಮನೆಯೊಡತಿ ಪೂರ್ಣಿಮಾ ಹೈಸ್ಕೂಲು ಟೀಚರು. ಸೋಫಾದ ಅಕ್ಕಪಕ್ಕ ಒಂದು ಜೊತೆ, ಹಿಂದಿನ ಗೋಡೆಗೆ ಇನ್ನೊಂದು ಜೊತೆ ಬೇಕು, ಯಾವುದು ಬೇಕೋ ಅದನ್ನಷ್ಟೇ ಹಚ್ಚಿಕೊಳ್ಳುವಂತಿರಬೇಕು ಎಂದಿದ್ದರು. ರಿಸೀವರಿನ ಬೆನ್ನಿಗೆ ಅದಕ್ಕೆಂದೇ ಎ, ಬಿ ಎಂದು ಎರಡು ಸಾಲು ಇದ್ದವು. ಬದಿಯವನ್ನು ಎ ಸಾಲಿಗೂ ಹಿಂದಿನವನ್ನು ಬಿ ಸಾಲಿಗೂ ಸಿಕ್ಕಿಸಿ, ಬಿ ಒತ್ತಿ, ಸೋಫಾದ ನಡುವೆ ಕೂತು ಪರೀಕ್ಷೆಯ ಸದ್ದು ಹಚ್ಚಿದ.

ಮಳೆ ಸುರಿದಂಥ ಸದ್ದು ಒಂದೊಂದೇ ಸ್ಪೀಕರಿನಿಂದ ಸುತ್ತಿ ಬರತೊಡಗಿತು. ಮುಂದಿನವು ಕಣ್ಣೆದುರೇ ಇದ್ದುದರಿಂದ ಅವನಿಗೆ ಏನೂ ಅನ್ನಿಸಲಿಲ್ಲ. ಹಿಂದಿನ ಬಲದ್ದು ಬಂತು. ಎಡದ್ದರ ಸರದಿಯಲ್ಲೂ ಸದ್ದು ಬಲಗಡೆಯಿಂದಲೇ ಬಂತು. ವಾಯರ್ ಎಲ್ಲೋ ತಪ್ಪಿದೆಯೆಂದು ಎದ್ದು ಎಡಬಲ ಬದಲಿಸಿದ. ಈಗಲೂ ಎರಡೂ ಬಲದಿಂದಲೇ. ಸ್ಪೀಕರ್ ಕೊಟ್ಟ ಅಂಗಡಿಗೆ ಫೋನ್ ಮಾಡಲು ಹೊರಟಾಗ ಪೂರ್ಣಿಮಾ ಎಂತ ಆಯಿತೆಂದು ಕೇಳಿದರು.

"ಎಡಗಡೇದು ಬರ್ತಾ ಇಲ್ಲ, ಟೀಚರೇ."

"ಬರ್ತಾ ಇತ್ತಲ್ಲ. ನಾನು ಅದರ ಕೆಳಗೇ ನಿಂತಿದ್ದೆ."

ನಾಗಪತಿ ಸ್ಟೂಲು ಹತ್ತಿ ಎಡದ ಸ್ಪೀಕರಿನ ಜಾಲರಿಯ ಮೇಲೆ ಅಂಗೈ ಇಟ್ಟ. ಅದು ಕೈಯಡಿಯಲ್ಲಿ ನಡುಗುತ್ತಿತ್ತು. ಸದ್ದು ಮಾತ್ರ ಬಲಗಡೆಯಿಂದ ಕೇಳುತ್ತಿತ್ತು.

ಎರಡು ದಿನದ ಹಿಂದೆ, ಗುರುವಾರ ಬೆಳಿಗ್ಗೆ, ಎಡಗಿವಿ ಗುಂಯ್ ಎಂದಿತ್ತು. ಶೀತವೆಂದುಕೊಂಡು ಸುಮ್ಮನಿದ್ದ. ಆ ಕಿವಿ ಕೇಳುತ್ತಲೇ ಇಲ್ಲವೆಂದು ಈಗ ಗೊತ್ತಾಯಿತು. ಸ್ಟೂಲಿನಿಂದ ಇಳಿದವನಿಗೆ ಹೆದರಿಕೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ವಾಯರುಗಳನ್ನು ಮೊದಲಿನಂತೆ ಹಾಕಿದ. ಟೀಚರನ್ನೇ ಸೋಫಾದಲ್ಲಿ ಕೂರಿಸಿ ಅವರು ಹೇಳಿದಂತೆ ಸದ್ದು ಹೊಂದಿಸಿದ. ಎ ಒತ್ತಿದರೆ ಬದಿಯವು, ಬಿ ಒತ್ತಿದರೆ ಹಿಂದಿನವು, ಎರಡೂ ಒತ್ತಿದರೆ ನಾಲ್ಕೂ ಎಂದು ತೋರಿಸಿಕೊಟ್ಟ. ಅವರು ಕೊಟ್ಟ ಚಹಾ ಕುಡಿದ. ಸಕ್ಕರೆ ಹಾಕಿದ್ದರೋ ಇಲ್ಲವೋ ಎಂದು ಆಮೇಲೆ ನೆನಪಾಗಲಿಲ್ಲ.

ಮನೆಯಲ್ಲಿ ನಾಲ್ಕು ದಿನ ಬಾಯಿ ಬಿಡಲಿಲ್ಲ. ಫೋನನ್ನು ಬಲಗಿವಿಗೇ ಹಿಡಿಯುವುದನ್ನು ಕಂಡು ಹೆಂಡತಿ ವನಮಾಲಾಳೇ ಹಿಡಿದು ಕೇಳಿದಳು. ಕುಮಟೆಯ ಕಿವಿ ಡಾಕ್ಟರು, ಶುರುವಾದ ಕೂಡಲೇ ತೋರಿಸಬೇಕಿತ್ತು ಎಂದು ಹೇಳಿ ಗುಳಿಗೆ ಬರೆದರು. ಹದಿನೈದು ದಿನ ಕಳೆದು ಮತ್ತೆ ಪರೀಕ್ಷಿಸಿದಾಗ ಕಿವಿ ಪರೀಕ್ಷೆಯ ಕಾಗದದಲ್ಲಿ ಗೆರೆ ಇದ್ದಲ್ಲೇ ಇತ್ತು. ಇನ್ನು ಬರುವುದು ಕಷ್ಟ ಎಂದರು. ನಾಗಪತಿ ಆತು ಎಂದು ಎದ್ದು ಬಂದ. ವನಮಾಲಾ ರಸ್ತೆಯುದ್ದಕ್ಕೂ ಅತ್ತಳು. ಅವಳು ಎಡಕ್ಕಿದ್ದುದರಿಂದ ಅವನಿಗೆ ಅದು ಗೊತ್ತಾದದ್ದು ಮನೆ ಮುಟ್ಟಿದ ಮೇಲೆ.

ಮುಂದಿನ ವಾರ ಹೊನ್ನಾವರದಿಂದ ಸ್ಪೀಕರ್ ಕೆಲಸಕ್ಕೆ ಕರೆ ಬಂತು. ಆಗುವುದಿಲ್ಲ ಎನ್ನಲು ಹೊರಟಿದ್ದ.

"ನಾ ಬತ್ತೆ," ಎಂದಳು ವನಮಾಲಾ. "ವಾಯರ್ ಕೆಲಸ ಕೈಯದ್ದು. ಕೇಳೂದು ನಾ ಕೇಳ್ತೆ."

ಹೊಲಿಗೆಯ ಕೆಲಸಕ್ಕೆ ಅಂದು ರಜೆ ಹಾಕಿದಳು. ಪರರ ಮನೆಯ ಸೋಫಾದಲ್ಲಿ ಮುದುರಿ ಕೂತು, ಕಣ್ಣು ಮುಚ್ಚಿ, ಸದ್ದು ಬಂದತ್ತ ಕೈ ಎತ್ತಿದಳು. ಹಿಂದಿನ ಎಡದ್ದು ತುಸು ಸಣ್ಣಗಿದೆ ಎಂದಳು. ನಾಗಪತಿ ಎರಡು ಅಂಕೆ ಏರಿಸಿದ. ಈಗ ಸರಿಯಾತು ಎಂದಳು. ಅವನಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಅವಳ ಮಾತನ್ನು ನಂಬಿ ಇನ್ನೊಂದು ಸ್ಪೀಕರಿಗೆ ಹೋದ.