ಕಚ್ಚೆ ಸೀರೆಯ ಸವಾರಿ

ನಲವತ್ತೆಂಟನೆಯ ವಯಸ್ಸಿಗೆ ಮೋಟರ್‌ಸೈಕಲ್ ಕಲಿಯಲು ಸುಭದ್ರಾಬಾಯಿ ಹೊರಟಾಗ ಕಿಣ್ಣಿ ಸುಲ್ತಾನ ಊರಿನಲ್ಲಿ ನಗದೆ ಉಳಿದವಳು ಅವಳ ಅತ್ತೆ ಗಂಗುಬಾಯಿ ಒಬ್ಬಳೇ. ಗಂಡ ಗುರಣ್ಣನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಗಸರಿಗೆ ಸ್ಕೂಟಿ, ಗಂಡಸರಿಗೆ ಗಾಡಿ ಎಂಬುದು ಅವನ ಶಾಸ್ತ್ರ.

ಸುಭದ್ರಾಬಾಯಿಗೆ ಆ ಶಾಸ್ತ್ರ ಕೇಳುತ್ತ ಕೂಡಲು ಪುರಸೊತ್ತಿರಲಿಲ್ಲ. ಅವಳೂ ಓಣಿಯ ಆರು ಹೆಂಗಸರೂ ಸೇರಿ ಬಡಿಯುವ ಜೋಳದ ರೊಟ್ಟಿ ದಿನಾ ಆಳಂದದ ಖಾನಾವಳಿಗೆ ಹೋಗುತ್ತಿತ್ತು. ಒಯ್ಯುತ್ತಿದ್ದ ಟಂಟಂ ಆಟೋದವನು ಜೇವರ್ಗಿ ಕಡೆ ಬಾಡಿಗೆ ಹಿಡಿದು ಹೋಗಿಬಿಟ್ಟ. ಬಸ್ಸಿನಲ್ಲಿ ಒಯ್ದರೆ ಊಟದ ಹೊತ್ತು ಮೀರುತ್ತಿತ್ತು. ಬರುವ ತಿಂಗಳ ಒಂದನೇ ತಾರೀಖಿನಿಂದ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ರೊಟ್ಟಿ ಬಾರದಿದ್ದರೆ ಬೇರೆಯವರಿಗೆ ಹೇಳುತ್ತೇನೆಂದು ಖಾನಾವಳಿಯ ಶಾಂತಲಿಂಗಪ್ಪ ಖಡಾಖಂಡಿತ ಹೇಳಿದ್ದ. ಏಳು ಮನೆಯ ಹೆಂಗಸರ ದುಡಿಮೆ ಅದು. ಹೊಲ ಬಿಟ್ಟು ರೊಟ್ಟಿ ಹೊರುವವನು ತಾನಲ್ಲ ಎಂದು ಗುರಣ್ಣ ಮುಖ ತಿರುಗಿಸಿದ. ಮನೆಯಲ್ಲಿದ್ದದ್ದು ಅವನ ಹಳೆಯ ಮೋಟರ್‌ಸೈಕಲ್ ಮಾತ್ರ.

ಕಲಿಸಲು ಒಪ್ಪಿದವನು ಮೆಕ್ಯಾನಿಕ್ ಲಾಡ್ಲೆಸಾಬ. ಕ್ಲಚ್ಚು ಹಗುರವಾಗಿ ಬಿಡುವುದು, ಗೇರು ಬದಲಿಸುವುದು ಎರಡೇ ದಿನದಲ್ಲಿ ಅವಳ ಕೈಗೆ ಹತ್ತಿತು. ಕೈಕೊಟ್ಟದ್ದು ಸೀರೆ. ಗಾಡಿ ನಿಂತೊಡನೆ ಕಾಲು ಕೆಳಗೆ ಊರಬೇಕು. ಎಷ್ಟು ಎತ್ತಿ ಸಿಗಿಸಿದರೂ ನಿರಿಗೆ ಜಾರಿ ಬಂದು ಕಾಲು ಅಗಲಿಸಲು ಬಿಡುತ್ತಿರಲಿಲ್ಲ. ಓಡುವಾಗ ರಾಣಿ, ನಿಲ್ಲುವಾಗ ಜೋಳದ ಚೀಲ. ಶಾಲೆಯ ಬಯಲಿನಲ್ಲಿ ನಾಲ್ಕು ದಿನಕ್ಕೆ ಎಂಟು ಸಲ ಬಿದ್ದಳು. ಚೂಡಿದಾರ ಹಾಕಿಕೋ ಎಂದು ಓಣಿಯವರು ಹೇಳಿದರು. ಮದುವೆಯಾದಾಗಿನಿಂದ ಸೀರೆ ಬಿಟ್ಟು ಬೇರೇನೂ ಉಡದವಳಿಗೆ ಬೀಳುವುದಕ್ಕಿಂತ ಅದೇ ಹೆಚ್ಚಿನ ನಾಚಿಕೆ. ಎಂಟನೆಯ ಸಲ ಬಿದ್ದ ದಿನ ಬಚ್ಚಲಲ್ಲಿ ಮೊಣಕೈ ತೊಳೆಯುತ್ತ ಅತ್ತುಬಿಟ್ಟಳು.

ಗಂಗುಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಎಪ್ಪತ್ತಾರರ ಈ ಮುದುಕಿ ಊರೆಲ್ಲ ಬದಲಾದರೂ ಕಚ್ಚೆ ಸೀರೆ ಬಿಟ್ಟವಳಲ್ಲ. ಅದು ಹಳೆ ಮಂದಿಯ ಉಡುಗೆ ಎಂದು ಹಿಂದೊಮ್ಮೆ ಸೊಸೆಯೇ ಚೇಷ್ಟೆ ಮಾಡಿದ್ದಳು. ಮುದುಕಿ ಅದನ್ನು ಮರೆತಿರಲಿಲ್ಲ.

“ಗಾಡಿದು ತಪ್ಪಿಲ್ಲ, ನಿಂದೂ ತಪ್ಪಿಲ್ಲ,” ಎಂದಳು. “ಸೀರಿ ಉಟ್ಟ ರೀತಿ ತಪ್ಪು ಅದ. ನಾ ಕಚ್ಚಿ ಹಾಕ್ಕೊಂಡು ಎತ್ತಿನ ಗಾಡಿ ಹೊಡದೇನಿ, ಬೇವಿನ ಗಿಡಾ ಹತ್ತೇನಿ. ಬಾ ಇಲ್ಲಿ.”

ಪೆಟ್ಟಿಗೆಯಿಂದ ತನ್ನ ಉದ್ದನೆಯ ಇಳಕಲ್ ಸೀರೆ ತೆಗೆದಳು. ಸೊಸೆಗೆ ಸುತ್ತಿ ಗಟ್ಟಿ ಗಂಟು ಹಾಕಿ, ನಿರಿಗೆಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆಳೆದು ಸೊಂಟಕ್ಕೆ ಸಿಗಿಸಿದಳು. ಸುಭದ್ರಾಬಾಯಿ ಅಂಗಳದಲ್ಲಿ ಒಂದು ಕಾಲು ಎತ್ತಿ ನೋಡಿದಳು, ಇನ್ನೊಂದನ್ನೂ ಎತ್ತಿ ನೋಡಿದಳು. ಎಷ್ಟೋ ವರ್ಷದ ಮೇಲೆ ಎರಡೂ ಕಾಲು ತನ್ನವೇ ಅನ್ನಿಸಿ ನಗು ಬಂತು.

ಆಮೇಲೆ ಅವಳು ಬೀಳಲಿಲ್ಲ. ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟರ ಆಕಾರ ಸುತ್ತಿ ಬಂದಾಗ ಸಾಹೇಬರು ಅವಳ ಕಚ್ಚೆಯನ್ನೇ ನೋಡುತ್ತ ಪಾಸು ಮಾಡಿದರು.

ಒಂದನೇ ತಾರೀಖು ರೊಟ್ಟಿಯ ಬುಟ್ಟಿ ಹಿಂದೆ ಬಿಗಿದು, ಹೆಲ್ಮೆಟ್ ಹಾಕಿ, ಆಳಂದದ ಹಾದಿ ಹಿಡಿದಳು. ಪೇಟೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಅಡ್ಡ ಬಂದಾಗ ಗಕ್ಕನೆ ಬ್ರೇಕ್ ಒತ್ತಿದಳು. ಎರಡೂ ಕಾಲು ನೆಲಕ್ಕೆ ಭದ್ರವಾಗಿ ಊರಿದ್ದವು, ಒಂದು ರೊಟ್ಟಿಯೂ ಮುರಿಯಲಿಲ್ಲ. ಹತ್ತೂವರೆಗೆ ಖಾನಾವಳಿ ಮುಟ್ಟಿದಾಗ ಗಾಡಿ ಓಡಿಸಿದವನು ಎಲ್ಲಿ ಎಂದು ಶಾಂತಲಿಂಗಪ್ಪ ಅವಳ ಹಿಂದೆ ಮುಂದೆ ಹುಡುಕಿದ. ತಾನೇ ಎಂದಳು ಸುಭದ್ರಾಬಾಯಿ. ಅವನು ಬೆಪ್ಪಾಗಿ, ನಾಳೆಯಿಂದ ಇನ್ನೂ ನೂರು ರೊಟ್ಟಿ ತರಲು ಹೇಳಿದ.

ಮನೆಗೆ ಮರಳಿದರೆ ಗುರಣ್ಣ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದ. ಗೊಬ್ಬರದಂಗಡಿಗೆ ಹೋಗಬೇಕು, ಗಾಡಿ ಬೇಕಿತ್ತು ಎಂದ. ದನಿ ಎಂದಿಗಿಂತ ಮೆತ್ತಗಿತ್ತು.

“ಹಿಂದ ಕೂಡ್ರಿ, ಬಿಟ್ಟು ಬರ್ತೇನಿ,” ಎಂದಳು ಸುಭದ್ರಾಬಾಯಿ.

ಗುರಣ್ಣ ಹೌದೋ ಅಲ್ಲವೋ ಎಂದು ಮೇಲೇಳುವಷ್ಟರಲ್ಲಿ ಗಂಗುಬಾಯಿ ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದವಳೇ ಹಿಂದಿನ ಸೀಟಿನ ಎರಡೂ ಬದಿಗೆ ಕಾಲು ಹಾಕಿ, ಗಂಡಸಿನಂತೆ ಜಮಾಯಿಸಿ ಕುಳಿತಳು.

“ಅಂವಾ ನಡಕೋತ ಹೋಗ್ತಾನ,” ಎಂದಳು. “ನೀ ಘತ್ತರಗಿಗಿ ನಡಿ. ಭಾಗ್ಯವಂತಿ ದೇವಿಗಿ ಕಾಯಿ ಒಡಸೂದದ.”

ಗುರಣ್ಣ ಗೊಬ್ಬರದಂಗಡಿಗೆ ನಡೆದೇ ಹೋದ.