ಮಿಕ್ಸಿ ಅಂದರೆ ಬಿಟ್ಟೆ ಅನ್ನಬೇಕು

ಗಾಳಿಮಳೆಗೆ ನಮ್ಮ ರಸ್ತೆಯ ಕಂಬಗಳು ಸಾಲಾಗಿ ಮಲಗಿಕೊಂಡವು. ಕರೆಂಟು ಬರಲು ವಾರವಾದರೂ ಬೇಕು ಎಂದು ಲೈನ್‌ಮನ್ ಹೇಳಿ ಹೋದ ಮರುಗಳಿಗೆಯೇ ಚಿಕ್ಕಪ್ಪ ಬಾಡಿಗೆ ಜನರೇಟರ್ ತರಲು ಹೊರಟ. ಟಿವಿಗಲ್ಲ, ಫ್ರಿಜ್ಜಿಗೂ ಅಲ್ಲ, ಅಜ್ಜಿಯ ಆಕ್ಸಿಜನ್ ಯಂತ್ರಕ್ಕಾಗಿ. ಕೋಣೆಯ ಗಾಳಿಯನ್ನು ಎಳೆದುಕೊಂಡು, ಸೋಸಿ, ಸಣ್ಣ ಕೊಳವೆಯಲ್ಲಿ ಮೂಗಿಗೆ ಕಳಿಸುವ ಆ ಯಂತ್ರ ಓಡುತ್ತಿದ್ದರೆ ಅಜ್ಜಿ ತನ್ನ ಮಂಚದಲ್ಲೇ ಇರಬಹುದು, ನಿಂತರೆ ಆಸ್ಪತ್ರೆ. ಹೋದ ಸಲ ಅಲ್ಲಿಂದ ವಾಪಸು ಬಂದವಳೇ ಅಜ್ಜಿ ಒಬ್ಬೊಬ್ಬರ ಕೈ ಹಿಡಿದು, "ಇನ್ನೊಂದ್ಸಲ ಅಲ್ಲಿಗೆ ಕಳಿಸ್ಬೇಡಿ" ಎಂದಿದ್ದಳು. ನನ್ನ ಕೈಯನ್ನೂ ಹಿಡಿದಿದ್ದಳು.

ಜನರೇಟರ್ ಜೊತೆ ಬಂದ ಪುಸ್ತಕವನ್ನು ಮನೆಯಲ್ಲಿ ಪೂರ್ತಿ ಓದಿದವಳು ನಾನೊಬ್ಬಳೇ. ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಬಿಡದೆ ಓದುವ ಚಾಳಿ ನನ್ನದು. ಓದಿದ್ದನ್ನು ಹೇಳುವುದು ಮಾತ್ರ ನನಗೆ ಕಷ್ಟ. ಚಿಕ್ಕಪ್ಪ ಜನರೇಟರಿನ ವೈರನ್ನು ನೇರವಾಗಿ ಹಾಲಿನ ಗೋಡೆಯ ಪ್ಲಗ್ಗಿಗೆ ಕೊಡಲು ಹೊರಟಾಗ ನಾನು ಅಮ್ಮನ ಕಿವಿಯಲ್ಲಿ ಹೇಳಿದೆ. ಅಮ್ಮ ಎಂದಿನಂತೆ ಅದನ್ನು ದೊಡ್ಡ ದನಿಗೆ ಬದಲಾಯಿಸಿದಳು.

"ಹಾಗೆ ಚುಚ್ಚಬಾರದಂತೆ. ಕರೆಂಟು ಹಿಂದಕ್ಕೆ ಹರಿದು ಬೀದಿ ತಂತಿಗೆ ಹೋಗುತ್ತಂತೆ. ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಸುಟ್ಟು ಹೋಗ್ತಾನಂತೆ."

"ನೋಡಿ ಅತ್ತಿಗೆ, ಸೈಲೆಂಟ್ ಮೋಡ್ ಇವತ್ತು ವೈಬ್ರೇಟ್ ಆಗ್ತಿದೆ" ಎಂದ ಚಿಕ್ಕಪ್ಪ. ಅವನು ನನಗಿಟ್ಟ ಹೆಸರು ಅದು. ಆದರೂ ವೈರು ಕೆಳಗಿಟ್ಟ, ಪೇಟೆಗೆ ಹೋಗಿ ದಪ್ಪನೆಯ ಎಕ್ಸ್‌ಟೆನ್ಷನ್ ಕೇಬಲ್ ತಂದ. ಜನರೇಟರ್ ಹಿತ್ತಲಿನ ಕೊನೆಯಲ್ಲಿ, ಹೊಗೆ ಕಾಂಪೌಂಡಿನ ಕಡೆ ಹೋಗುವಂತೆ ಕೂತಿತು. ಕೇಬಲ್ ಅಡುಗೆಮನೆ ದಾಟಿ ಒಳಗೆ ಬಂದು ಕೋಣೆಕೋಣೆಗೆ ಕವಲೊಡೆಯಿತು.

ಯಂತ್ರ ಮತ್ತು ಎರಡು ಬಲ್ಬು ಸದಾ ಇರಬೇಕು, ಉಳಿದವು ಸರದಿಯ ಮೇಲೆ. ಮೋಟರ್ ಇರುವ ವಸ್ತು ಶುರುವಾಗುವಾಗ ತನ್ನ ಪಾಲಿಗಿಂತ ಎರಡು ಮೂರು ಪಟ್ಟು ಎಳೆಯುತ್ತದೆ, ಹೊರೆ ಮೀರಿದರೆ ಜನರೇಟರೇ ನಿಂತುಹೋಗುತ್ತದೆ ಎಂದು ಪುಸ್ತಕದಲ್ಲಿತ್ತು. ಆದ್ದರಿಂದ ಚಿಕ್ಕಪ್ಪ ಒಂದು ಕಾನೂನು ಮಾಡಿದ. ದೊಡ್ಡದೇನಾದರೂ ಹಾಕುವವರು ಮೊದಲು ಅದರ ಹೆಸರು ಕೂಗಬೇಕು. ಮನೆಯಲ್ಲಿರುವ ಎಲ್ಲರೂ ತಮ್ಮ ತಮ್ಮದನ್ನು ಆರಿಸಿ "ಬಿಟ್ಟೆ" ಅನ್ನಬೇಕು. ಕೆಲಸವಾದ ಮೇಲೆ ಕೂಗಿದವರೇ "ಮುಗೀತು" ಅನ್ನಬೇಕು.

"ಎಲ್ಲರೂ ಅಂದ್ರೆ ಎಲ್ಲರೂ" ಎಂದ, ಅಜ್ಜಿಯ ಮಂಚದ ಪಕ್ಕದಲ್ಲೇ ನಿಂತು. "ಇದರಲ್ಲಿ ಅತ್ತೆ, ಸೊಸೆ ಅಂತ ಭೇದ ಇಲ್ಲ."

ಅಜ್ಜಿ ನಕ್ಕು ತಲೆಯಾಡಿಸಿದ್ದಳು.

ಮನೆ ರೈಲ್ವೆ ಸ್ಟೇಷನ್ನಿನಂತಾಯಿತು. ಅಡುಗೆಮನೆಯಿಂದ ಚಿಕ್ಕಮ್ಮ "ಮಿಕ್ಸಿ" ಅಂದರೆ ಫ್ರಿಜ್ಜಿನ ಹತ್ತಿರದಿಂದ ಅಮ್ಮ, ಕಂಪ್ಯೂಟರಿನ ಹತ್ತಿರದಿಂದ ಚಿಕ್ಕಪ್ಪ "ಬಿಟ್ಟೆ, ಬಿಟ್ಟೆ" ಅನ್ನುವರು. ನನ್ನ ಪಾಲಿಗಿದ್ದದ್ದು ಫೋನ್ ಚಾರ್ಜರುಗಳು. ನನ್ನ "ಬಿಟ್ಟೆ" ಬಾಗಿಲು ದಾಟುತ್ತಿರಲಿಲ್ಲ, ಯಾರೂ ಅದಕ್ಕೆ ಕಾಯುತ್ತಲೂ ಇರಲಿಲ್ಲ. ಚಿಕ್ಕಮ್ಮನಿಗೆ "ಮುಗೀತು" ಅನ್ನುವುದು ಮಾತ್ರ ಎಷ್ಟೋ ಸಲ ಮರೆಯುತ್ತಿತ್ತು. ಮಿಕ್ಸಿ ನಿಂತ ಸದ್ದು ಕೇಳಿ ಎಲ್ಲರೂ ತಮ್ಮದನ್ನು ಮತ್ತೆ ಹಾಕಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಜೋಪಾನ ಮಾಡಿದರೂ ಅಜ್ಜಿ ಸೊರಗತೊಡಗಿದಳು. ಬೆರಳಿಗೆ ಕಚ್ಚಿಸುವ ಆಕ್ಸಿಜನ್ ಮೀಟರಿನ ಅಂಕಿ ಹೊತ್ತುಹೊತ್ತಿಗೆ ಇಳಿಯುತ್ತಿತ್ತು. ತುಟಿಗೆ ನೇರಳೆ ಬಣ್ಣ, ಕರೆದರೆ ಅರ್ಧ ಕಣ್ಣು. ಡಾಕ್ಟರು ಫೋನಿನಲ್ಲಿ ಕೇಳಿದರು, "ಯಂತ್ರ ನಿಲ್ತಾ ಇಲ್ಲ ತಾನೇ?"

"ಒಂದು ಕ್ಷಣವೂ ಇಲ್ಲ ಸರ್. ನಿಂತ್ರೆ ಅದೇ ಕಿರುಚ್ಕೊಳ್ಳುತ್ತೆ" ಎಂದ ಚಿಕ್ಕಪ್ಪ.

"ಹಾಗಾದ್ರೆ ಶ್ವಾಸಕೋಶವೇ ಸೋಲ್ತಿದೆ. ಸಂಜೆವರೆಗೆ ನೋಡಿ, ಸುಧಾರಿಸದಿದ್ರೆ ಕರ್ಕೊಂಡು ಬನ್ನಿ."

ಅಮ್ಮ ಅಜ್ಜಿಯ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ ಅವಳೂ ಚಿಕ್ಕಪ್ಪನೂ ಬಿದ್ದ ಕಂಬಗಳ ಆಚೆಯವರೆಗೆ ಬರುವ ಗಾಡಿ ಗೊತ್ತುಮಾಡಲು ಹೋದರು. ಫ್ರಿಜ್ಜನ್ನೂ ಕಂಪ್ಯೂಟರನ್ನೂ ಆರಿಸಿಯೇ ಹೋದರು. ಚಿಕ್ಕಮ್ಮ ಅಡುಗೆಮನೆಯಲ್ಲಿ, ನಾನು ಹಿತ್ತಲ ಬಾಗಿಲ ಹತ್ತಿರ ಚಾರ್ಜರುಗಳ ಮುಂದೆ ಕೂತಿದ್ದೆವು.

"ಮಿಕ್ಸಿ" ಎಂದು ಚಿಕ್ಕಮ್ಮ ಕೂಗಿದಳು.

ನಾನು ಎರಡು ಚಾರ್ಜರ್ ಕಿತ್ತು, "ಬಿಟ್ಟೆ" ಎಂದು ನನಗೇ ಹೇಳಿಕೊಂಡೆ. ಅದಾಗಿ ಒಂದುಸಿರಿನ ಮೇಲೆ ಹಿತ್ತಲಲ್ಲಿ ಎಂಜಿನ್ನಿನ ಸದ್ದು ಹಗುರಾಯಿತು. ಹೊರೆ ಇಳಿಸಿ ನಿಂತವರ ಉಸಿರಿನ ಹಾಗೆ. ಮರುಕ್ಷಣ ಮಿಕ್ಸಿ ಶುರುವಾಗಿ ಅದು ಮತ್ತೆ ಗುಡುಗಿತು.

ಕಡಿಮೆ ಮಾತಾಡುವವರಿಗೆ ಕಿವಿ ಚುರುಕು. ಎರಡು ಚಾರ್ಜರ್ ತೆಗೆದದ್ದು ಎಂಜಿನ್ನಿಗೆ ಗೊತ್ತೂ ಆಗಬಾರದು. ಫ್ರಿಜ್ಜು ಮೊದಲೇ ಆರಿತ್ತು, ಕಂಪ್ಯೂಟರೂ ಆರಿತ್ತು. ಮನೆಯಲ್ಲಿ ಬಿಡುವಂಥ ಭಾರದ ವಸ್ತು ಇನ್ನೇನು ಉಳಿದಿತ್ತು? ನಾನು ಎದ್ದು ಅಜ್ಜಿಯ ಕೋಣೆಗೆ ಓಡಿದೆ.

ಅಜ್ಜಿ ಮಗ್ಗುಲಾಗಿ ಮಲಗಿದ್ದಳು. ಮಂಚದಿಂದ ಚಾಚಿದ ಕೈ ಯಂತ್ರದ ಗುಂಡಿಯ ಮೇಲಿತ್ತು. ಯಂತ್ರ ತಣ್ಣಗೆ ನಿಂತಿತ್ತು. ಕರೆಂಟು ಹೋದರೆ ಕಿರುಚುವ ಯಂತ್ರ, ಅದರದೇ ಗುಂಡಿ ಒತ್ತಿ ಆರಿಸಿದರೆ ಏಕೆ ಕಿರುಚೀತು?

"ಅಜ್ಜಿ, ಯಾಕೆ ಆರಿಸಿದ್ರಿ?"

"ಮಿಕ್ಸಿ ಅಂದಳಲ್ಲ" ಎಂದಳು, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ಬಿಟ್ಟೆ ಅಂದೆ. ಯಾರಿಗೂ... ಕೇಳ್ಸಲ್ಲ."

ನಾನು ಗುಂಡಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಆ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಇನ್ನೂ ಮುಗೀತು ಅಂದಿಲ್ಲ. ನನ್ನಿಂದ ಎಲ್ಲ ಆರೋಗೋದು ಬೇಡ."

ಆಗ ನನಗೆ ಅರ್ಥವಾಯಿತು. ಚಿಕ್ಕಮ್ಮ "ಮುಗೀತು" ಅನ್ನಲು ಮರೆತಾಗಲೆಲ್ಲ, ಬಾಗಿಲು ಹಾಕಿದ ಈ ಕೋಣೆಗೆ ಜನರೇಟರಿನ ಗುಡುಗಿನಲ್ಲಿ ಮಿಕ್ಸಿ ನಿಂತದ್ದು ಗೊತ್ತಾಗದೆ, ಅಜ್ಜಿ ಕಾನೂನಿನಂತೆ ಕಾಯುತ್ತಿದ್ದಳು. ಅಮ್ಮ ಹಾಲಿನ ಲೋಟ ಹಿಡಿದು ಬರುವ ಹೆಜ್ಜೆಸದ್ದು ಕೇಳಿದರೆ ಕೆಲಸ ಮುಗಿದಿರಬೇಕು ಎಂದುಕೊಂಡು ಅಜ್ಜಿಯೇ ಗುಂಡಿ ಒತ್ತುತ್ತಿದ್ದಳು, ಹಾಗಾಗಿ ನಾವು ನೋಡಿದಾಗಲೆಲ್ಲ ಯಂತ್ರ ಓಡುತ್ತಿತ್ತು.

ವಾದ ಮಾಡಲು ಸಮಯವಿರಲಿಲ್ಲ. ನಾನು ಬಾಗಿಲ ಕಡೆ ತಿರುಗಿ ಕೂಗಿದೆ. "ಮುಗೀತು!"

ಮಿಕ್ಸಿ ಗಕ್ಕನೆ ನಿಂತಿತು. "ಯಾರದು?" ಎಂದಳು ಚಿಕ್ಕಮ್ಮ, ಮನೆಗೆ ಕಳ್ಳ ನುಗ್ಗಿದಂತೆ.

ಅಜ್ಜಿ ನನ್ನ ಮಣಿಕಟ್ಟು ಬಿಟ್ಟಳು. ಗುಂಡಿ ಒತ್ತಿದೆ. ಯಂತ್ರ ಕೆಮ್ಮಿ ಉಸಿರು ಹಿಡಿಯಿತು. ಒಮ್ಮೆ ನಿಂತರೆ ಪೂರ್ತಿ ಆಕ್ಸಿಜನ್ ಕೊಡಲು ಅದಕ್ಕೆ ಕೆಲವು ನಿಮಿಷ ಬೇಕು. ಆ ನಿಮಿಷಗಳೂ ದಿನದಿನ ಅಜ್ಜಿಯ ಲೆಕ್ಕದಿಂದಲೇ ಹೋಗುತ್ತಿದ್ದವು. ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಬಂದು, ವಿಷಯ ಕೇಳಿ, ಮಂಚದ ಅಂಚಿಗೆ ಕೂತಳು.

"ಅತ್ತೆ, ನಾನು ತಿರುವ್ತಾ ಇದ್ದದ್ದು ನಿಮ್ಮ ತರಕಾರಿ ಗಂಜಿನೇ ಕಣ್ರೀ."

ಗಾಡಿ ಬರುವ ಹೊತ್ತಿಗೆ ಮೀಟರಿನ ಅಂಕಿ ಏರುತ್ತಿತ್ತು, ತುಟಿಯ ನೇರಳೆ ತಿಳಿಯಾಗಿತ್ತು. ನಡೆದದ್ದನ್ನು ಡಾಕ್ಟರಿಗೆ ಫೋನಿನಲ್ಲಿ ನಾನೇ ಹೇಳಿದೆ. ಅಮ್ಮನಿಗೆ ಬದಲಾಯಿಸಲು ಏನೂ ಉಳಿಯಲಿಲ್ಲ. ಅಂಕಿ ಹೀಗೇ ನಿಂತರೆ ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಗಾಡಿಯವನನ್ನು ಕ್ಷಮೆ ಕೇಳಿ ಕಳಿಸಿದೆವು.

ಯಂತ್ರಕ್ಕೆ ಕಾನೂನಿಲ್ಲ ಎಂದರೆ ಅಜ್ಜಿ ಒಪ್ಪುವಂತಿರಲಿಲ್ಲ. "ಎಲ್ಲರೂ ಬಿಡ್ತಾರೆ, ನಾನೇನು ಮಹಾರಾಣಿನಾ" ಎಂದಳು. ಅದಕ್ಕೆ ನಾನು ಹೊಸ ಕಾನೂನು ಹೇಳಿದೆ. ಇನ್ನು ಕೂಗುವುದು ಬೇಡ. ಏನು ಹಾಕಬೇಕಿದ್ದರೂ ಅಜ್ಜಿಯ ಮಂಚದ ಹತ್ತಿರ ಬಂದು ಕೇಳಬೇಕು. ಅಜ್ಜಿ ಬೆರಳಿನ ಮೀಟರ್ ನೋಡಿಕೊಂಡು, ಯಂತ್ರ ಓಡುತ್ತಿರುವುದನ್ನು ಕಿವಿಯಾರೆ ಕೇಳಿ, ಆಮೇಲೆ ಹೂಂ ಅನ್ನಬೇಕು.

ಮರುದಿನ ಬೆಳಿಗ್ಗೆ ಮೊದಲು ಬಂದವನು ಚಿಕ್ಕಪ್ಪ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ.

"ಅಮ್ಮ, ಒಂದೇ ಶರ್ಟು."

ಅಜ್ಜಿ ಮೀಟರ್ ನೋಡಿದಳು. ಅದರ ಅಂಕಿಗೆ ತಕರಾರಿರಲಿಲ್ಲ. ಶರ್ಟನ್ನೂ ನೋಡಿದಳು.

"ಹೆಣ್ಣು ನೋಡೋಕೆ ಹೋಗ್ತಿದ್ದೀಯಾ? ಕೊಡವಿ ಹಾಕ್ಕೋ" ಎಂದಳು.