ಯಾವ ತಿಪ್ಪಯ್ಯ?

ಗ್ರಾಮೀಣ ಆಸ್ತಿ ರಕ್ಷಣಾ ದಳದ ಚಳ್ಳಕೆರೆ ಕಚೇರಿಯಲ್ಲಿ ಸಿದ್ದಲಿಂಗೇಶನ ಹುದ್ದೆಗೆ ಮಾಧ್ಯಮ ಸಂಪರ್ಕ ಸಹಾಯಕ ಎಂದು ಹೆಸರು. ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ ಕೆಲಸ. ಹೊಲಗಳಲ್ಲಿ ಮೋಟರು, ಕೇಬಲ್ಲು, ಪೈಪು ಕದಿಯುವವರನ್ನು ದಳದ ಪೊಲೀಸರು ಹಿಡಿಯುತ್ತಿದ್ದರು; ಹಿಡಿದ ಸುದ್ದಿಯನ್ನು ಇವನು ಬರೆದು ಪತ್ರಕರ್ತರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದ. ಅದಕ್ಕೂ ಮುಂಚೆ ಹದಿನೇಳು ವರ್ಷ ಅವನು ಸುದ್ದಿ ಪಡೆಯುವವರ ಕಡೆ ಇದ್ದವನು. ಚಳ್ಳಕೆರೆಯಿಂದ ಹೊರಡುತ್ತಿದ್ದ ನಾಲ್ಕು ಪುಟದ ಪತ್ರಿಕೆಗೆ ವರದಿಗಾರ. ಆ ಪತ್ರಿಕೆ ನಿಂತು ಆರು ವರ್ಷವಾಗಿತ್ತು.

ಮಂಗಳವಾರ ಹನ್ನೊಂದು ಗಂಟೆಗೆ ಒಬ್ಬ ಮನುಷ್ಯ ಬಂದು ಅವನ ಮೇಜಿನ ಮುಂದೆ ನಿಂತ. ಅಂಗಿಯ ತೋಳಿಗೆ ವಾರ್ನಿಷ್ ಕಲೆ, ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಗೀರು.

“ಸಾರ್, ಪೇಪರ್ನೋರಿಗೆ ಸುದ್ದಿ ಕೊಡೋರು ನೀವೇನಾ?”

“ಹೌದು. ಏನಾಗ್ಬೇಕಿತ್ತು?”

“ನನ್ನ ಒಂದ್ಸಲ ಸರಿಯಾಗಿ ನೋಡ್ರಿ. ಜೈಲಾಗ ಇರೋನು ಹಿಂಗೆ ನಿಮ್ ಎದುರಿಗೆ ಬಂದು ನಿಂತ್ಕಂತಾನಾ?”

ಹೆಸರು ತಿಪ್ಪಯ್ಯ. ಊರು ಬಿ.ಜಿ. ಕೆರೆ. ಬಸ್ ನಿಲ್ದಾಣದ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ. ಹಿಂದಿನ ವಾರ ದಳ ಕೇಬಲ್ ಕಳ್ಳನೊಬ್ಬನನ್ನು ಹಿಡಿದಿತ್ತು. ಸಿದ್ದಲಿಂಗೇಶ್ ಹತ್ತು ನಿಮಿಷದಲ್ಲಿ ಪ್ರಕಟಣೆ ಬರೆದಿದ್ದ: ‘ಬಿ.ಜಿ. ಕೆರೆಯ ತಿಪ್ಪಯ್ಯ (42) ಬಂಧಿತ. ಮೂವತ್ತು ಕೆ.ಜಿ. ತಾಮ್ರದ ತಂತಿ ವಶ.’ ಜೊತೆಗೆ ಒಂದು ಫೋಟೊ. ಸಾಕ್ಷಿಗಳಿಂದ ಗುರುತು ಹಿಡಿಸುವುದು ಬಾಕಿ ಇದ್ದುದರಿಂದ ಆರೋಪಿಯ ಮುಖಕ್ಕೆ ಬಟ್ಟೆ ಹಾಕಲಾಗಿತ್ತು; ಕಾಣುತ್ತಿದ್ದದ್ದು ತಂತಿಯ ರಾಶಿ ಮಾತ್ರ.

“ಹಿಡಿದಿರೋದು ಲಗೇಜ್ ಆಟೋ ಓಡಿಸ್ತಾನಲ್ಲ, ಗೂಡ್ಸ್ ತಿಪ್ಪಯ್ಯ, ಅವನ್ನ. ನಾನು ವೈಂಡಿಂಗ್ ತಿಪ್ಪಯ್ಯ. ತಾಮ್ರದ ತಂತಿ ಅಂದ್ರೆ ನಮ್ಮೂರಾಗ ಯಾರ ನೆಪ್ಪಾಗ್ತದೆ ಹೇಳ್ರಿ? ಅದೇ ಎರಡು ದಿನ ನಾನು ತಂತಿ ತರಾಕೆ ಬಳ್ಳಾರಿಗೆ ಹೋಗಿದ್ದೆ. ಅಂಗಡಿ ಬಾಗ್ಲು ಹಾಕಿತ್ತು. ಸಾಕಲ್ಲ! ವಾಪಸ್ ಬಂದು ಬಸ್ ಇಳಿದ್ರೆ, ‘ಲೇ, ಜಾಮೀನು ಯಾರು ಕೊಟ್ರೋ?’ ಅಂತಾರೆ.”

ಸಿದ್ದಲಿಂಗೇಶನಿಗೆ ನಗು ಬರಲಿಲ್ಲ.

“ರಿಪೇರಿಗೆ ಬಿಚ್ಚಿಟ್ಟಿದ್ದ ಆರು ಮೋಟರ್ನ ಕೊಟ್ಟೋರು ಹಂಗೇ ಎತ್ಕಂಡು ಹೋದ್ರು ಸಾರ್. ನಮ್ಮವ್ವ ಯರ್ರಮ್ಮ ಗಿರಣಿಗೆ ಹೋದ್ರೆ ಹಿಟ್ಟಿನ ಡಬ್ಬಿ ಮುಚ್ಕಂತಾರಂತೆ. ನಾನು ಕಳ್ಳ ಅಲ್ಲ ಅಂತ ನೀವು ಬರೀಬೇಕು. ಅಷ್ಟೇ.”

‘ಯಾವ ತಿಪ್ಪಯ್ಯ?’ ಎಂಬ ಪ್ರಶ್ನೆಯನ್ನು ಸಿದ್ದಲಿಂಗೇಶ್ ಎಷ್ಟು ಸಲ ಕೇಳಿಸಿಕೊಂಡಿದ್ದನೋ ಲೆಕ್ಕವಿಲ್ಲ. ನಾಯಕನಹಟ್ಟಿಯ ತಿಪ್ಪೇಸ್ವಾಮಿಗೆ ಹರಕೆ ಹೊತ್ತು ಹೆಸರಿಡುವ ಚಳ್ಳಕೆರೆ, ಮೊಳಕಾಲ್ಮುರು ಈ ಎರಡು ತಾಲ್ಲೂಕುಗಳಲ್ಲಿ ಒಂದೊಂದು ಊರಿಗೆ ಹತ್ತು ಹನ್ನೆರಡು ತಿಪ್ಪಯ್ಯಂದಿರು, ತಿಪ್ಪೇಸ್ವಾಮಿಗಳು, ತಿಪ್ಪಮ್ಮಂದಿರು. ಅದನ್ನು ಅವನ ಪತ್ರಿಕೆಯ ಸಂಪಾದಕ ಜಂಬುಲಿಂಗಪ್ಪನವರು ಒಂದು ದಿನವೂ ಮರೆತವರಲ್ಲ. ಆಗ ಸಿದ್ದಲಿಂಗೇಶ್ ಮೊಳಕಾಲ್ಮುರಿನಲ್ಲಿದ್ದ. ಸುದ್ದಿ ಬರೆದು, ಕವರಿಗೆ ಹಾಕಿ, ಮೂರು ಗಂಟೆಯ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಅದು ಚಳ್ಳಕೆರೆಯಲ್ಲಿ ಇಳಿಯುತ್ತಿತ್ತು. ಒಮ್ಮೆ ಹೊಡೆದಾಟದ ಸುದ್ದಿಯಲ್ಲಿ ಬರೀ ‘ತಿಪ್ಪೇಸ್ವಾಮಿ’ ಎಂದು ಬರೆದು ಕಳಿಸಿದ್ದ. ಸಂಜೆ ಎಸ್‌ಟಿಡಿ ಬೂತಿಗೆ ಫೋನು ಬಂತು.

“ಯಾವ ತಿಪ್ಪೇಸ್ವಾಮಿನಯ್ಯ? ತಂದೆ ಹೆಸರೇನು? ಊರಾಗ ಏನಂತ ಕರೀತಾರೆ? ಗೊತ್ತಿಲ್ವಾ? ಹೋಗಿ ಕೇಳ್ಕಂಡು ಬಾ. ಪುಟ ಕಾಯ್ತದೆ.”

ಪುಟ ನಿಜವಾಗಿಯೂ ಕಾದಿತ್ತು. ಸಿದ್ದಲಿಂಗೇಶ್ ಬಾಡಿಗೆ ಸೈಕಲ್ಲಿನಲ್ಲಿ ಹೋಗಿ ಬಂದು ಫೋನಿನಲ್ಲಿ ಸೇರಿಸಿದ್ದು ಎರಡೇ ಮಾತು: ಹೆಸರಿನ ಹಿಂದೆ ‘ಸುಣ್ಣದ ಭಟ್ಟಿ’. ಮಾರನೆಯ ದಿನ ಚಳ್ಳಕೆರೆಗೆ ಹೋದಾಗ ಜಂಬುಲಿಂಗಪ್ಪನವರು ಏನೂ ಹೇಳದೆ, ಆ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಎಳೆದಿದ್ದ ಪತ್ರಿಕೆಯನ್ನು ಮುಂದಿಟ್ಟು ಟೀ ತರಿಸಿದ್ದರು. ಅವರು ತೀರಿಕೊಂಡು ಎರಡು ವರ್ಷ. ಅಚ್ಚಿನ ಮಸಿಗೆ ಪಕ್ಕದ ಎಣ್ಣೆ ಗಾಣದ ಶೇಂಗಾ ಹಿಂಡಿಯ ವಾಸನೆ ಬೆರೆತಿದ್ದ ಆ ಕೋಣೆಯಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ದಳದ ಪ್ರಕಟಣೆಯ ನಮೂನೆಯಲ್ಲಿ ಹೆಸರು, ವಯಸ್ಸು, ಊರು ಅಷ್ಟೇ. ಅಡ್ಡಹೆಸರಿಗೆ ಜಾಗವಿಲ್ಲ. ನಮೂನೆ ಕೇಳಲಿಲ್ಲ, ಸಿದ್ದಲಿಂಗೇಶನೂ ಕೇಳಿರಲಿಲ್ಲ.

“ಸಂಜೆ ಒಳಗೆ ಹೇಳ್ತೀನಿ,” ಎಂದು ತಿಪ್ಪಯ್ಯನನ್ನು ಕಳಿಸಿ, ಇನ್ಸ್‌ಪೆಕ್ಟರ್ ಶಿಲ್ಪಾ ಅವರ ಕೋಣೆಗೆ ಹೋದ. ಮೈಸೂರು ಕಡೆಯವರು, ದಳಕ್ಕೆ ಬಂದು ಎಂಟು ತಿಂಗಳು. ಅವರು ಪ್ರಕಟಣೆಯನ್ನು ಎರಡು ಸಲ ಓದಿದರು.

“ಬಂಧಿತನ ಹೆಸರು ತಿಪ್ಪಯ್ಯ. ವಯಸ್ಸು ನಲವತ್ತೆರಡು. ಊರು ಬಿ.ಜಿ. ಕೆರೆ. ಇದರಲ್ಲಿ ಯಾವುದು ತಪ್ಪು?”

“ಯಾವುದೂ ತಪ್ಪಲ್ಲ ಮೇಡಂ. ಸಾಕಾಗಲಿಲ್ಲ.”

“ನಾವು ತಿದ್ದುಪಡಿ ಹಾಕಿದರೆ, ‘ಯಾರನ್ನ ಹಿಡಿದಿದ್ದೀವಿ ಅಂತ ಇವರಿಗೇ ಗೊತ್ತಿಲ್ಲ’ ಅಂತ ಆರೋಪಿಯ ವಕೀಲ ಕೋರ್ಟಲ್ಲಿ ಅದನ್ನೇ ಹಿಡ್ಕೊಂಡು ನಿಲ್ತಾನೆ. ಈ ದಳದಲ್ಲಿ ಇವತ್ತಿನವರೆಗೆ ಒಂದೂ ತಿದ್ದುಪಡಿ ಹೋಗಿಲ್ಲ, ಗೊತ್ತಾ?”

“ಗೊತ್ತು ಮೇಡಂ. ಹಿಡಿದದ್ದರಲ್ಲಿ ತಪ್ಪಿಲ್ಲ, ಬರೆದದ್ದರಲ್ಲಿ ತಪ್ಪಿದೆ ಅಂತ ಸ್ಪಷ್ಟವಾಗಿ ಹಾಕ್ತೀನಿ. ಬರೆದವನು ನಾನು ಅಂತಲೂ ಹಾಕ್ತೀನಿ.”

ಶಿಲ್ಪಾ ಮೇಜಿನ ಮೇಲಿದ್ದ ಕಡತವೊಂದರ ಕಡೆ ಕಣ್ಣು ಹಾಯಿಸಿದರು. “ನಿಮ್ಮ ನವೀಕರಣ ಮುಂದಿನ ತಿಂಗಳು. ಮೇಲಿನವರು ಕೇಳಿಯೇ ಕೇಳ್ತಾರೆ.”

“ಕೇಳಲಿ ಮೇಡಂ. ನಂದು ಕೆಲಸ ಹೋದರೆ ಸಿದ್ದಲಿಂಗೇಶನ ಕೆಲಸ ಹೋಯ್ತು ಅಂತಾರೆ. ಅವನದ್ದು ಹೋಗ್ತಾ ಇರೋದು ಹೆಸರು.”

ಅವರು ಬರೆದು ತರಲು ಹೇಳಿದರು. ತಂದ ನಾಲ್ಕು ಸಾಲುಗಳಲ್ಲಿ ಒಂದನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಸಹಿ ಹಾಕಿದರು.

ಮೂರೂವರೆಗೆ ತಿದ್ದುಪಡಿ ಗುಂಪಿಗೆ ಹೋಯಿತು. ನಲವತ್ತೊಂದು ಮಂದಿ ಪತ್ರಕರ್ತರಲ್ಲಿ ಮೂವರು ಹೆಬ್ಬೆರಳ ಚಿತ್ರ ಒತ್ತಿದರು. ಬುಧವಾರ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಸಿದ್ದಲಿಂಗೇಶ್ ಗುಂಪಿನಲ್ಲಿದ್ದ ಹಳೆಯ ಗೆಳೆಯ, ಪತ್ರಕರ್ತ ಮಾರುತೇಶನಿಗೆ ಫೋನ್ ಮಾಡಿದ.

“ಅಲ್ಲಣ್ಣ, ಕಳ್ಳ ಸಿಕ್ಕಿದ ಅಂದ್ರೆ ಸುದ್ದಿ. ಕಳ್ಳ ಅಲ್ಲ ಅಂದ್ರೆ ಏನು ಸುದ್ದಿ? ನಾವು ಕಳ್ಳರಲ್ಲ ಅಂತ ದಿನಾ ಹಾಕ್ಕಂತೀವಾ?” ಎಂದು ಮಾರುತೇಶ ನಕ್ಕ.

ಸಂಜೆ ತಿಪ್ಪಯ್ಯನದೇ ಫೋನು. “ಸಾರ್, ಬರೆದೀನಿ ಅಂದ್ರಿ. ನಮ್ಮೂರಿಗೆ ಬಂದಿಲ್ಲ ಅದು.”

“ನಿಮ್ಮೂರಾಗೆ ಮೊದಲನೇದು ಎಲ್ಲಿ ಓದಿದ್ರು?”

“ಚಂದ್ರಣ್ಣನ ಹೋಟ್ಲಾಗ. ಯಾರೋ ಮೊಬೈಲಾಗ ಜೋರಾಗಿ ಓದಿದ್ರಂತೆ. ಅಲ್ಲಿಂದ ಹಬ್ಬಿದ್ದು.”

“ಬೆಳಗ್ಗೆ ಅಲ್ಲಿಗೇ ಬರ್ತೀನಿ. ನೀನೂ ಬಾ.”

ಗುರುವಾರ ಸಿದ್ದಲಿಂಗೇಶ್ ರಜೆ ಹಾಕಿ ಮೊದಲ ಬಸ್ಸು ಹತ್ತಿದ. ಕಿಟಕಿಯ ಪಕ್ಕದ ಸೀಟು. ವರದಿಗಾರನಾಗಿ ಓಡಾಡುತ್ತಿದ್ದ ದಿನಗಳಲ್ಲಿ ಈ ದಾರಿಯ ಪ್ರತಿ ನಿಲ್ದಾಣದಲ್ಲೂ ಯಾರಾದರೊಬ್ಬರು ಕಿಟಕಿಗೆ ಬಂದು, “ಏನ್ ಸುದ್ದಿ ಪೇಪರಪ್ಪ?” ಎನ್ನುತ್ತಿದ್ದರು. ಅವನು ಬರೆದದ್ದು ತಪ್ಪಾಗಿದ್ದರೆ ಅಲ್ಲೇ ಬೈದು, ಬೈದ ಮೇಲೆ ಸೌತೆಕಾಯಿ ಕೊಡುತ್ತಿದ್ದರು. ಈಗ ಬಸ್ಸಿನಲ್ಲಿ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಅವನು ಬರೆದದ್ದನ್ನೇ ಯಾರಾದರೂ ಓದುತ್ತಿದ್ದರೂ ಅವನಿಗೆ ತಿಳಿಯುವಂತಿರಲಿಲ್ಲ.

ಹೋಟೆಲಿನಲ್ಲಿ ಹದಿನೈದು ಜನರಿದ್ದರು. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಯ ಹೊತ್ತು. ತಿಪ್ಪಯ್ಯ ಒಳಗೆ ಬಂದಿರಲಿಲ್ಲ. ಬಾಗಿಲಿನಾಚೆ ಕಂಬಕ್ಕೆ ಒರಗಿ ನಿಂತಿದ್ದ. ಸಿದ್ದಲಿಂಗೇಶ್ ಮಾಲೀಕ ಚಂದ್ರಣ್ಣನಿಗೆ ತನ್ನ ಪರಿಚಯ ಹೇಳಿ, ಸಹಿ ಇದ್ದ ಹಾಳೆ ತೆಗೆದು, ನಿಂತುಕೊಂಡೇ ಓದಿದ.

“‘ಕೇಬಲ್ ಕಳವಿನಲ್ಲಿ ಬಂಧಿತನಾದವನು ಲಗೇಜ್ ಆಟೋ ಚಾಲಕ ತಿಪ್ಪಯ್ಯ, ತಂದೆ ಅಂಜಿನೇಯ. ಮೋಟರ್ ವೈಂಡಿಂಗ್ ಅಂಗಡಿಯ ತಿಪ್ಪಯ್ಯ, ತಂದೆ ಹಾಲೇಶಪ್ಪ, ಇವರಿಗೂ ಈ ಪ್ರಕರಣಕ್ಕೂ ಯಾವ ಸಂಬಂಧವೂ ಇಲ್ಲ. ಪ್ರಕಟಣೆ ಬರೆದವರು ವಿಚಾರಿಸದೆ ಬರೆದದ್ದರಿಂದ ಈ ತಪ್ಪಾಗಿದೆ.’”

ಮೂಲೆಯಲ್ಲಿದ್ದ ಮುದುಕನೊಬ್ಬ ತೆಲುಗಿನಲ್ಲೇ ಕೇಳಿದ. “ಅಯಿತೆ ಮನ ತಿಪ್ಪಯ್ಯ ದೊಂಗ ಕಾದಾ?”

“ಕಳ್ಳ ಅಲ್ಲ ತಾತ,” ಎಂದ ಸಿದ್ದಲಿಂಗೇಶ್.

“ಹಂಗಾದ್ರೆ ವಿಚಾರಿಸದೆ ಬರೆದೋನು ಯಾರಪ್ಪ?” ಮತ್ತೊಬ್ಬ ಬಜ್ಜಿ ಮುರಿಯುತ್ತ ಕೇಳಿದ. “ಅವನ ಹೆಸರು ಹಾಕಿಲ್ಲ ನೋಡು!”

ಶಿಲ್ಪಾ ಹೊಡೆದುಹಾಕಿದ್ದು ಆ ಸಾಲನ್ನೇ.

“ನಾನೇ. ಸಿದ್ದಲಿಂಗೇಶ್, ತಂದೆ ಮರುಳಪ್ಪ, ಚಳ್ಳಕೆರೆ.”

ಚಂದ್ರಣ್ಣ ಬಾಗಿಲಿನ ಕಡೆ ತಿರುಗಿ ಕೂಗಿದ. “ಲೇ ವೈಂಡಿಂಗು, ಹೊರಗೇನು ಕಂಬ ಕಾಯ್ತೀಯಾ? ಒಳಗೆ ಬಾರೋ. ನನ್ನ ಮೋಟರ್ ಎತ್ಕಂಡು ಬಂದಿದ್ದೆ, ಮಧ್ಯಾಹ್ನ ಕಳಿಸ್ತೀನಿ.”

“ನಿನ್ನದಕ್ಕೆ ಹತ್ತು ದಿನ ಆಗ್ತದೆ,” ಎಂದ ತಿಪ್ಪಯ್ಯ, ಕಂಬ ಬಿಟ್ಟು ಕದಲದೆ.

ಯಾರೋ ನಕ್ಕರು. ಇಬ್ಬರು ನಗಲಿಲ್ಲ, ಕೈ ತೊಳೆದು ತಿಪ್ಪಯ್ಯನ ಮುಖ ನೋಡದೆ ಹೊರಟುಹೋದರು. ಅವರ ಬೆನ್ನನ್ನೇ ನೋಡುತ್ತ ನಿಂತಿದ್ದ ತಿಪ್ಪಯ್ಯ, ಮೊಳಕಾಲ್ಮುರು ಕಡೆಯಿಂದ ಬಂದ ಬಸ್ಸು ನಿಂತು ಏಳೆಂಟು ಜನ ಹೋಟೆಲಿನತ್ತ ಬರುವುದನ್ನು ಕಂಡ. ಅವರಿಗೆ ದಾರಿ ಬಿಟ್ಟು, ಅವರ ಹಿಂದೆಯೇ ತಾನೂ ಒಳಗೆ ಬಂದು ಮುಂದಿನ ಬೆಂಚಿನಲ್ಲಿ ಕುಳಿತ.

“ಇನ್ನೊಂದ್ಸಲ ಓದ್ರಿ ಸಾರ್,” ಎಂದ. “ಇವ್ರು ಕೇಳಿಲ್ಲ.”

ಸಿದ್ದಲಿಂಗೇಶ್ ಮಡಚಿದ್ದ ಹಾಳೆಯನ್ನು ಬಿಚ್ಚಿ, ಈ ಸಲ ತನ್ನ ಹೆಸರನ್ನೂ ಸೇರಿಸಿ ಓದಿದ.